ಪರದೆ ಮೇಲಿನ ಬೊಂಬೆಯ ಜೊತೆ ನಾಲ್ಕು ವರ್ಷ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮಶೀನು ಡಿಸೈನ್ ಮಾಡುತ್ತೇನೆ. ಹೆಚ್ಚಾಗಿ ಬುಷ್ (ತೂತಿನೊಳಗೆ ಬಿಗಿಯಾಗಿ ಕೂರುವ ಲೋಹದ ಬಳೆ) ಕೂರಿಸುವ ನ್ಯುಮ್ಯಾಟಿಕ್ ಪ್ರೆಸ್‌ಗಳು, ಅಂದರೆ ಗಾಳಿಯ ಒತ್ತಡದಿಂದ ಒತ್ತುವ ಮಶೀನುಗಳು. ಕ್ಯಾಡ್‌ನೊಳಗೆ, ಅಂದರೆ ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುವ ಸಾಫ್ಟ್‌ವೇರಿನೊಳಗೆ, ಮನುಷ್ಯನ ಬೊಂಬೆ ನಿಲ್ಲಿಸಿ ನೋಡುವ ಮಾಡ್ಯೂಲ್ ಬಳಸುತ್ತಾ ನಾಲ್ಕು ವರ್ಷವಾಯಿತು. ಯಾವ ಕಂಪನಿಯದು ಅಂತ ಹೇಳೋದಿಲ್ಲ. ಬಳಸಿದವರಿಗೆ ಗೊತ್ತಾಗುತ್ತದೆ.

ದೊಡ್ಡ ಜಗಳ ಮೊದಲು. ಹೊಸ ಫೈಲ್ ತೆರೆದರೆ ಬಂದು ನಿಲ್ಲುವವನು ಅಮೆರಿಕದ ಗಂಡಸು. ಪಟ್ಟಿಯಲ್ಲಿ ಜಪಾನ್ ಇದೆ, ಫ್ರಾನ್ಸ್ ಇದೆ, ನಮ್ಮವರಿಲ್ಲ. ಶುರುವಿನಲ್ಲಿ ನಾನೂ ಅದನ್ನು ಗಮನಿಸಲಿಲ್ಲ. ಒಂದು ಪ್ರೆಸ್‌ನಲ್ಲಿ ಎರಡೂ ಕೈಯಿಂದ ಒಟ್ಟಿಗೆ ಒತ್ತುವ ಗುಂಡಿಗಳನ್ನು ಅವನ ಮೊಣಕೈ ಎತ್ತರಕ್ಕೆ ಕೂರಿಸಿದೆ. ಕೆಲಸದ ಭಂಗಿ ಕೈ, ಭುಜ, ಕತ್ತಿಗೆ ಎಷ್ಟು ಕಷ್ಟ ಅಂತ ಹೇಳುವ ರೂಲಾ ಅಂಕ 3 ಬಂತು. 1ರಿಂದ 7ರವರೆಗಿನ ಲೆಕ್ಕ ಅದು, ಕಮ್ಮಿ ಇದ್ದಷ್ಟೂ ಮೈಗೆ ಒಳ್ಳೇದು. ಖುಷಿಯಾಯಿತು.

ವಾರ ಕಳೆದು ಲೈನಿಗೆ ಹೋದರೆ, ಅಲ್ಲಿನ ಅಕ್ಕ ಪ್ಯಾಲೆಟ್‌ನ ಹಲಗೆ ಹಾಕಿಕೊಂಡು ಅದರ ಮೇಲೆ ನಿಂತಿದ್ದರು. "ಗುಂಡಿ ಎತ್ರ ಆಯ್ತು ಸಾರ್, ಸಂಜೆ ಹೊತ್ತಿಗೆ ಭುಜ ಬಿದ್ದೋಗತ್ತೆ" ಅಂದರು. ಅಮೆರಿಕದ ಸೇನೆ 1988ರಲ್ಲಿ ತೆಗೆದ ಅಳತೆಯಲ್ಲಿ ಗಂಡಸರ ಸರಾಸರಿ ಎತ್ತರ 175 ಸೆಂ.ಮೀ. ದಾಟುತ್ತದೆ. ನಮ್ಮ ಹೆಂಗಸರದು 152ರ ಆಸುಪಾಸು. ಒಂದು ಗೇಣು ಕಮ್ಮಿ!

ಇನ್ನೊಂದು ಕಿರಿಕಿರಿ. ರೂಲಾ ಕಿಟಕಿಯಲ್ಲಿ 'ಬಿಟ್ಟು ಬಿಟ್ಟು ಮಾಡುವ ಕೆಲಸ' ಅನ್ನೋದಕ್ಕೇ ಮೊದಲೇ ಟಿಕ್ ಬಿದ್ದಿರುತ್ತದೆ. ನಮ್ಮಲ್ಲಿ ನಿಮಿಷಕ್ಕೆ ಆರು ಸಲ ಗುಂಡಿ ಒತ್ತುತ್ತಾರೆ. ಟಿಕ್ಕನ್ನು 'ಪದೇ ಪದೇ ಮಾಡುವ ಕೆಲಸ'ಕ್ಕೆ ಬದಲಿಸಲು ಮರೆತರೆ ಅಂಕ ಏರೋದೇ ಇಲ್ಲ, ಬೊಂಬೆ ಸುಮ್ನೆ ಹಸಿರಾಗಿ ನಿಂತಿರುತ್ತದೆ.

ಕೊನೆಗೆ ಟೇಪು ಕಳಿಸಿದೆ. ಅಕ್ಕನ ಎತ್ತರ, ಭುಜ, ಮೊಣಕೈ, ಕೈ ಎಟಕುವ ದೂರ ಎಲ್ಲ ಜೊತೆಯವರೇ ಅಳೆದು ಚೀಟಿ ಕೊಟ್ಟರು. ಉಳಿದಿದ್ದಕ್ಕೆ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿ 1997ರಲ್ಲಿ ತಂದ ಭಾರತೀಯರ ಅಳತೆಯ ಪುಸ್ತಕ ಇತ್ತು. ಒಂದೊಂದೇ ಅಂಕಿ ತುಂಬಿ ಸೇವ್ ಮಾಡಿದೆ. ಹೆಸರು ಗೌರಮ್ಮ.

ಈಗ ಬೆಳಿಗ್ಗೆ ಟೀ ಲೋಟ ಕೀಬೋರ್ಡ್ ಪಕ್ಕ ಇಟ್ಟವನೇ ಗೌರಮ್ಮನನ್ನು ಕರೆಯುತ್ತೇನೆ. ಮಶೀನಿನ ಮುಂದೆ ನಿಲ್ಲಿಸಿ, ಎರಡೂ ಕೈ ಗುಂಡಿಗೆ ತಾಗಿಸಿ, ಕತ್ತು ಸ್ವಲ್ಪ ಬಗ್ಗಿಸಿ, ಅವಳ ಕಣ್ಣಿನ ಕಿಟಕಿ ತೆರೆಯುತ್ತೇನೆ. ಅವಳಿಗೆ ಕಂಡಷ್ಟೇ ನನಗೂ ಕಾಣುತ್ತದೆ. ನಿಜ ಹೇಳಬೇಕಂದ್ರೆ ಇದೊಂದಕ್ಕೇ ಸಿಟ್ಟು ಇಳಿದಿದ್ದು. ಫೆಬ್ರವರಿಯಲ್ಲಿ ಒಂದು ಪ್ರೆಸ್‌ನ ಪ್ರೆಶರ್ ಗೇಜ್ ಅವಳಿಗೆ ಕಾಣಲೇ ಇಲ್ಲ. ಗಾರ್ಡ್‌ನ (ಕೈ ಒಳಗೆ ಹೋಗದಂತೆ ತಡೆಯುವ ಚೌಕಟ್ಟಿನ) ಆಂಗಲ್ ಕಬ್ಬಿಣ ಸರಿಯಾಗಿ ಅಡ್ಡ ಬಂದಿತ್ತು. ನನ್ನ ಎತ್ತರಕ್ಕೆ ಚೆನ್ನಾಗೇ ಕಾಣುತ್ತಿತ್ತು, ಅದಕ್ಕೇ ಹೊಳೆದಿರಲಿಲ್ಲ. ಕಬ್ಬಿಣ ಕತ್ತರಿಸುವ ಮುಂಚೆಯೇ ಗೇಜನ್ನು 120 ಎಂಎಂ ಕೆಳಗಿಳಿಸಿದೆ.

ಲೈಸೆನ್ಸ್ ದುಡ್ಡು ನಮ್ಮಂಥವರಿಗೆ ಜಾಸ್ತಿಯೇ. ಮಾರ್ಚ್‌ನಲ್ಲಿ ಓನರ್ "ಇದು ಬೇಕೇನಪ್ಪಾ?" ಅಂದರು. ಆ ಗೇಜ್ ತೋರಿಸಿದೆ. ಎರಡು ಲೈಸೆನ್ಸಿನಲ್ಲಿ ಒಂದು ಉಳಿಯಿತು. ವರ್ಷಕ್ಕೆ ಎರಡೋ ಮೂರೋ ಮಶೀನು ಮಾಡೋರಾದರೆ ಇದಕ್ಕೆ ದುಡ್ಡು ಹಾಕಬೇಡಿ. ರಟ್ಟಿನಲ್ಲಿ ಮಾದರಿ ಮಾಡಿ, ಕೆಲಸ ಮಾಡುವವರನ್ನೇ ಕರೆದು ನಿಲ್ಲಿಸಿ ನೋಡಿ.