ಕಾಕಾನ ಆಂಜಿಯೋಪ್ಲಾಸ್ಟಿಗೆ ಹಾಕಿದ ಇಂಪೆಲ್ಲಾ ಪಂಪ್: ಕೆಲಸಕ್ಕೆ ನಾಲ್ಕು ಸ್ಟಾರ್, ಬಿಲ್ಲಿಂಗಿಗೆ ಒಂದು

ಇಂಪೆಲ್ಲಾ ಅಂದರೆ ಆಂಜಿಯೋಪ್ಲಾಸ್ಟಿ ನಡೆಯುವಾಗ ಹೃದಯದ ಭಾರ ಹೊರುವ ಪುಟ್ಟ ಪಂಪ್. ಅದು ಚೆನ್ನಾಗಿಯೇ ಕೆಲಸ ಮಾಡಿತು. ಸಿಟ್ಟಿರುವುದು ಅದನ್ನು ನಮ್ಮ ತಲೆಗೆ ಕಟ್ಟಿದ ರೀತಿಯ ಮೇಲೆ. ಕಲಬುರಗಿಯಿಂದ ಹೈದರಾಬಾದಿಗೋ ಸೋಲಾಪುರಕ್ಕೋ ಹಾರ್ಟ್ ಪೇಶಂಟ್ ಕರೆದುಕೊಂಡು ಓಡುವ ಮನೆಗಳು ನಮ್ಮಲ್ಲಿ ಕಡಿಮೆ ಏನಿಲ್ಲ, ಅವರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಸೂಪರ್ ಮಾರ್ಕೆಟ್ ಕಡೆ ಮೆಡಿಕಲ್ ಅಂಗಡಿ ಇದೆ, ಅಷ್ಟೇ.

ಕಾಕಾ ಸೇಡಂ ಕಡೆ ತೊಗರಿ ಬೆಳೆಯುವವರು, ಶುಗರ್ ಹಳೆಯದು. ಆಂಜಿಯೋಗ್ರಾಮ್ ನಮ್ಮೂರಲ್ಲೇ ಆಯಿತು. ಲೆಫ್ಟ್ ಮೇನ್‌ನಲ್ಲೇ ಬ್ಲಾಕ್, ಬಲಗಡೆಯ ನಾಳ ಪೂರ್ತಿ ಬಂದ್, ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಎಡ ಕುಹರ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ತಳ್ಳುತ್ತದೆ ಅನ್ನೋ ಲೆಕ್ಕ) ಬರೀ 25. ಬೈಪಾಸ್ ಮಾಡಿದರೆ ತಡೆದುಕೊಳ್ಳುವುದು ಕಷ್ಟ ಅಂತ ಸರ್ಜನ್ ಹಿಂದೆ ಸರಿದರು. ಕಾಕಾನ ಮಗ ಹೈದರಾಬಾದಿನಲ್ಲಿದ್ದಾನೆ, ಹಾಗಾಗಿ ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಹೆಸರು ಬೇಡ.

ಲೆಫ್ಟ್ ಮೇನ್ ಅಂದರೆ ಹೃದಯದ ಎಡಭಾಗಕ್ಕೆಲ್ಲ ರಕ್ತ ಹೋಗುವ ದಾರಿ. ಸ್ಟೆಂಟ್ ಕೂರಿಸುವಾಗ ಅದರೊಳಗೆ ಬಲೂನ್ ಉಬ್ಬಿಸುತ್ತಾರೆ, ಆ ಕೆಲವು ಸೆಕೆಂಡು ಆ ದಾರಿ ಮುಚ್ಚಿರುತ್ತದೆ. ಗಟ್ಟಿ ಹೃದಯ ಇದ್ದರೆ ಹೇಗೋ ತಡೆದುಕೊಳ್ಳುತ್ತದೆ. ಇಎಫ್ 25 ಇದ್ದು, ಬಲಗಡೆಯ ನಾಳವೂ ಬಂದ್ ಆಗಿದ್ದರೆ ಬಿಪಿ ಧಡಕ್ಕನೆ ಬಿದ್ದು ಟೇಬಲ್ ಮೇಲೇ ಹೃದಯ ನಿಲ್ಲಬಹುದು. ಅದಕ್ಕೇ ಈ ಪಂಪ್.

ತೊಡೆಯ ರಕ್ತನಾಳದಿಂದ ತೂರಿಸಿ, ಮಹಾಧಮನಿಯ ಕವಾಟ ದಾಟಿಸಿ, ಅದರ ತುದಿಯನ್ನು ಎಡ ಕುಹರದಲ್ಲಿ, ಅಂದರೆ ಹೃದಯದ ಎಡ ಕೆಳಗಿನ ಕೋಣೆಯಲ್ಲಿ, ಇಡುತ್ತಾರೆ. ಒಳಗಿನ ಪುಟ್ಟ ರೆಕ್ಕೆ ನಿಮಿಷಕ್ಕೆ 40 ಸಾವಿರಕ್ಕೂ ಜಾಸ್ತಿ ಸುತ್ತು ತಿರುಗಬಲ್ಲದು. ಅದು ಕುಹರದಿಂದ ರಕ್ತ ಎಳೆದು ಮಹಾಧಮನಿಗೆ ಬಿಡುತ್ತದೆ. ನಮಗೆ ಹಾಕಿದ್ದು ಸಿಪಿ ಮಾಡೆಲ್, ನಿಮಿಷಕ್ಕೆ ಮೂರೂವರೆ ಲೀಟರ್ ಆಸುಪಾಸು ಹರಿಸುತ್ತದೆ. ಆರಾಮಾಗಿರುವ ಹೃದಯ ಹರಿಸುವುದೇ ಸುಮಾರು 5 ಲೀಟರ್ ಅಲ್ವಾ, ಅಂದರೆ ಮುಕ್ಕಾಲು ಭಾರ ಇದೇ ಹೊರಬಲ್ಲದು. ಕಾಕಾಗೆ ಇದನ್ನೆಲ್ಲ ಹೇಳಿದ್ದಕ್ಕೆ, "ತೊಡಿಯಾಗ ಬೋರ್ ಹೊಡೀತಾರೇನಪಾ ಹಂಗಾರ?" ಅಂದರು. ಸುಮ್ನೆ ತಲೆ ಆಡಿಸಿದೆ.

ಕೆಲಸದ ವಿಷಯದಲ್ಲಿ ದೂರಿಲ್ಲ. ಬಲೂನ್ ಉಬ್ಬಿಸಿದಾಗಲೂ ಬಿಪಿ ಹೆಚ್ಚು ಕುಸಿಯಲಿಲ್ಲ, ಅವಸರ ಇಲ್ಲದೆ ಕೆಲಸ ಮುಗಿಸಿದೆವು ಅಂತ ಡಾಕ್ಟರ್ ಹೊರಗೆ ಬಂದು ಹೇಳಿದರು. ಪಂಪನ್ನು ಆಂಜಿಯೋಪ್ಲಾಸ್ಟಿ ಮಾಡಿದ ಲ್ಯಾಬಿನಲ್ಲೇ ತೆಗೆದರು. ಮನುಷ್ಯ ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ಆದರೆ ಕೇಳಬೇಕು. ಹಳೆಯ ದಾರಿಯೂ ಒಂದಿದೆ, ಐಎಬಿಪಿ ಅಂತ. ಮಹಾಧಮನಿಯಲ್ಲಿ ಹೀಲಿಯಂ ತುಂಬಿದ ಉದ್ದನೆಯ ಬಲೂನ್ ಇಟ್ಟು ಬಡಿತಕ್ಕೆ ತಕ್ಕಂತೆ ಉಬ್ಬಿಸಿ ಇಳಿಸುತ್ತಾರೆ. ಬಲ ಕಡಿಮೆ, ಖರ್ಚೂ ತುಂಬಾ ಕಡಿಮೆ. ಇವೆರಡನ್ನೂ ಹೋಲಿಸಿದ ಪ್ರೊಟೆಕ್ಟ್-2 ಅನ್ನೋ ಅಧ್ಯಯನ 2012ರಲ್ಲಿ ಬಂತು, 452 ಜನರ ಮೇಲೆ, ಆಗಿನ ಚಿಕ್ಕ 2.5 ಮಾಡೆಲ್ ಇಟ್ಟುಕೊಂಡು. 30 ದಿನದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಿದ್ದರೂ 2015ರಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಎಫ್‌ಡಿಎ, ಹೈ-ರಿಸ್ಕ್ ಆಂಜಿಯೋಪ್ಲಾಸ್ಟಿಗೆ ಈ ಪಂಪ್ ಬಳಸಲು ಒಪ್ಪಿಗೆ ಕೊಟ್ಟಿತು. ಕೌನ್ಸೆಲಿಂಗ್ ಮಾಡುವ ಹುಡುಗ ನಮಗೆ ತೋರಿಸಿದ್ದು ಮಾತ್ರ 2024ರ ಡೇಂಜರ್ ಶಾಕ್ ಅಧ್ಯಯನ. ಅದರಲ್ಲಿ 180 ದಿನಕ್ಕೆ ಸಾವು ಪಂಪ್ ಹಾಕಿದವರಲ್ಲಿ 45.8%, ಹಾಕದವರಲ್ಲಿ 58.5%. ಅಂಕಿ ನಿಜವೇ. ಆದರೆ ಅದು ದೊಡ್ಡ ಹಾರ್ಟ್ ಅಟ್ಯಾಕ್ ಆಗಿ ಶಾಕ್‌ಗೆ, ಅಂದರೆ ಮೈಗೆ ಸಾಕಷ್ಟು ರಕ್ತ ತಳ್ಳಲಾಗದೆ ಹೃದಯ ಸೋತ ಸ್ಥಿತಿಗೆ, ಹೋದವರ ಕತೆ. ನಮ್ಮ ಕಾಕಾ ಮುಂಚೆಯೇ ದಿನ ಗೊತ್ತು ಮಾಡಿಕೊಂಡು, ನಡೆದುಕೊಂಡು ಬಂದು ಅಡ್ಮಿಟ್ ಆದವರು. ಅದನ್ನು ಇಲ್ಲಿ ತಂದು ತೋರಿಸಿದರೆ ಏನರ್ಥ? ಇಷ್ಟಾದರೂ ನಾವು ಪಂಪೇ ಇರಲಿ ಅಂದೆವು, ಯಾಕೆಂದರೆ ಲೆಫ್ಟ್ ಮೇನ್ ಜೊತೆ ಬಲಗಡೆಯೂ ಬಂದ್ ಇರುವ ಕೇಸಿನಲ್ಲಿ ಐಎಬಿಪಿ ಬಲೂನಿನ ಮೇಲೆ ಅಷ್ಟು ಭರವಸೆ ಇಲ್ಲ ಅಂತ ಡಾಕ್ಟರ್ ನೇರವಾಗಿ ಹೇಳಿದರು. ಇವತ್ತು ಕೇಳಿದರೂ ಹೂಂ ಅಂತೀನಿ.

ಈಗ ಬಿಲ್ಲಿನ ವಿಷಯ. ಮೊದಲು ಕೊಟ್ಟ ಎಸ್ಟಿಮೇಟಿನಲ್ಲಿ ಪಂಪೇ ಇರಲಿಲ್ಲ! ಹಿಂದಿನ ರಾತ್ರಿ ಕರೆದು ಇನ್ನೊಂದು ಕಾಗದಕ್ಕೆ ಸಹಿ ಕೇಳಿದರು. ಮೊತ್ತ ಹತ್ತು ಲಕ್ಷ ದಾಟಿತ್ತು. ಸ್ಟೆಂಟಿಗೆ 2017ರಿಂದ ಸರ್ಕಾರದ ದರ ಮಿತಿ ಇದೆ, ಅದರ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇದು ಎದೆಗೆ ಒದ್ದ ಹಾಗೆ. ಮೇಲಿಂದ, ಬಿಲ್ಲಿನಲ್ಲಿ ಅದನ್ನು ಬರೀ 'ಕನ್ಸ್ಯೂಮಬಲ್' ಅಂತ ಬರೆದಿದ್ದಾರೆ, ಗ್ಲೌಸು, ಸಿರಿಂಜಿನ ಸಾಲಿನಲ್ಲಿ.

ಕಾಲಿನ ಬಗ್ಗೆ ಯಾರೂ ಮುಂಚೆ ಸರಿಯಾಗಿ ಹೇಳುವುದಿಲ್ಲ. ಕೈಯ ರಕ್ತನಾಳದಿಂದ ಮಾಡುವ ಮಾಮೂಲಿ ಆಂಜಿಯೋಪ್ಲಾಸ್ಟಿಗೆ ಸಾಮಾನ್ಯವಾಗಿ 6 ಫ್ರೆಂಚ್ (ಕೊಳವೆಯ ದಪ್ಪದ ಅಳತೆ) ಕೊಳವೆ, ಸುಮಾರು 2 ಮಿಲಿಮೀಟರ್. ಸಿಪಿ ಪಂಪಿಗೆ 14 ಫ್ರೆಂಚ್, ಹತ್ತಿರ ಹತ್ತಿರ 5 ಮಿಲಿಮೀಟರ್. ರಕ್ತ ತೆಳು ಮಾಡುವ ಹೆಪಾರಿನ್ ಬೇರೆ ಕೊಟ್ಟಿರುತ್ತಾರೆ, ಹಾಗಾಗಿ ತೂತು ಸರಿಯಾಗಿ ಮುಚ್ಚದಿದ್ದರೆ ರಕ್ತ ನಿಲ್ಲುವುದಿಲ್ಲ. ಕಾಕಾನ ತೊಡೆ ನೀಲಿಗಟ್ಟಿ ಊದಿಕೊಂಡಿತು, ಒಂದು ಬಾಟಲಿ ರಕ್ತ ಏರಿಸಬೇಕಾಯಿತು. ಪಾದ ತಣ್ಣಗಾಗಿದೆಯಾ, ನಾಡಿ ಸಿಗುತ್ತಿದೆಯಾ ಅಂತ ಸಿಸ್ಟರ್‌ಗಳು ಪದೇ ಪದೇ ಬಂದು ಮುಟ್ಟಿ ನೋಡಿದರು, ಅವರಿಗೆ ಪೂರ್ತಿ ಮಾರ್ಕ್ಸ್. ಪಂಪ್ ತಿರುಗುವ ರಭಸಕ್ಕೆ ರಕ್ತಕಣ ಒಡೆದರೆ ಮೂತ್ರದ ಬಣ್ಣ ಬದಲಾಗುತ್ತದೆ ಅಂತ ಅದರ ಮೇಲೂ ಕಣ್ಣಿಟ್ಟಿದ್ದರು. ಕಾಲಿನ ನಾಳಗಳೇ ಕಟ್ಟಿದ್ದರೆ, ಕುಹರದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಲೋಹದ ಕವಾಟ ಹಾಕಿಸಿಕೊಂಡಿದ್ದರೆ ಈ ಪಂಪ್ ಆಗಿಬರುವುದಿಲ್ಲ. ಕಾಲಿನ ಸ್ಕ್ಯಾನ್ ಮೊದಲೇ ಮಾಡಿಸಿ ಅಂತ ನೀವೇ ಕೇಳಿ.

ಈಗ ಕಾಕಾ ಮನೆಯಲ್ಲಿದ್ದಾರೆ, ಹೊಲದ ತನಕ ನಡೆಯುತ್ತಾರೆ. ಮುಂದಿನ ಎಕೋ ಇಲ್ಲೇ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಮಾಡಿಸುವ ವಿಚಾರ ಇದೆ. 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಹೊಸ ಕಟ್ಟಡ ಶುರುವಾದ ಮೇಲೆ ಫಾಲೋಅಪ್‌ಗೆಲ್ಲ ಹೈದರಾಬಾದ್ ಯಾಕೆ ಬೇಕು?

ಇನ್ಶೂರೆನ್ಸ್ ಇದ್ದವರು ಒಂದು ಕೆಲಸ ಮಾಡಿ. ಪಂಪಿನ ಡಬ್ಬದ ಸ್ಟಿಕ್ಕರ್, ಅದು ಯಾಕೆ ಬೇಕಾಯಿತು ಅಂತ ಡಾಕ್ಟರ್ ಸಹಿ ಮಾಡಿದ ಪತ್ರ, ಎರಡನ್ನೂ ಡಿಸ್ಚಾರ್ಜ್ ದಿನವೇ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬನ್ನಿ. ನಾವು ಪತ್ರಕ್ಕಾಗಿ ಆಮೇಲೆ ಅಲೆದೆವು, ಕ್ಲೇಮ್ ಇನ್ನೂ ಕ್ವೆರಿಯಲ್ಲೇ ಇದೆ.