ಕುಮಾರ ಪರ್ವತವೋ, ಕುಮಟಾ-ಗೋಕರ್ಣ ದಂಡೆಯೋ: ಗುರ್ತಿಲ್ಲದವ್ರ ಜೊತೆ ಹೋಗೋದಾದ್ರೆ ಯಾವ್ದು?

ಕುಮಟಾ, ಶಿರಸಿ, ಕಾರವಾರ ಕಡೆ ಹುಡುಗ್ರು ಈಗ ವಾಟ್ಸಾಪಲ್ಲೇ ಗ್ಯಾಂಗ್ ಕಟ್ಕೊಂಡು ಟ್ರೆಕ್ಕಿಂಗ್ ಹೊರಡ್ತಾರೆ, ಒಬ್ಬರ ಮುಖ ಒಬ್ಬರು ನೋಡಿರೋದಿಲ್ಲ. ನಾನು ಎರಡನ್ನೂ ಹಾಗೇ ಮಾಡಿದ್ದು, ಅದಕ್ಕೆ ಮೊದಲೇ ಹೇಳಿಬಿಡ್ತೇನೆ: ಆರಾಮಾಗಿ ನಡೀಬೇಕು ಅಂದ್ರೆ ನಮ್ಮ ಸಮುದ್ರ ದಂಡೆ, ಜನ ಪರಿಚಯ ಆಗ್ಬೇಕು ಅಂದ್ರೆ ಕುಕ್ಕೆ ಸುಬ್ರಹ್ಮಣ್ಯದ ಕುಮಾರ ಪರ್ವತ. ಎರಡೂ ಒಟ್ಟಿಗೆ ಸಿಗೋದಿಲ್ಲ ಮಾರಾಯ್ರೆ.

ದಂಡೆ ದಾರಿ ಅಂದ್ರೆ ವನ್ನಳ್ಳಿ, ಕಡ್ಲೆ, ಬಾಡ ಹಿಡ್ಕೊಂಡು ಅಘನಾಶಿನಿವರೆಗೆ, ಅಲ್ಲಿ ದೋಣಿಯಲ್ಲಿ ನದಿ ದಾಟಿ ತದಡಿ, ಆಮೇಲೆ ಬೆಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚುಗಳು, ಕೊನೆಗೆ ಗೋಕರ್ಣ. ಗುಡ್ಡ ಹತ್ತು, ಇಳಿ, ಮರಳಲ್ಲಿ ನಡಿ, ಮತ್ತೆ ಗುಡ್ಡ ಹತ್ತು. ಒಂದೂ ದೊಡ್ಡ ಗುಡ್ಡ ಅಲ್ಲ, ಆದ್ರೆ ಚಿರೇಕಲ್ಲಿನ ಮೇಲೆ ನೆರಳೇ ಇಲ್ಲ, ಡಿಸೆಂಬರಲ್ಲಿ ಕರಡದ ಹುಲ್ಲು ಒಣಗಿರ್ತದೆ, ಹತ್ತು ಗಂಟೆ ಮೇಲೆ ಕಾವಲಿ ಮೇಲೆ ನಿಂತ ಹಾಗೆ ಆಗ್ತದೆ. ಒಳ್ಳೇದು ಎಂತ ಅಂದ್ರೆ ಗಂಟೆಗೊಂದ್ ಸಲ ಊರೋ ಅಂಗಡಿಯೋ ಸಿಗ್ತದೆ. ಸಾಕಾದವ್ರು ಆಟೋ ಹತ್ಕೊಂಡು ಹೋಗ್ಬಹುದು, ಯಾರಿಗೂ ಬೇಜಾರಿಲ್ಲ.

ಕೆಟ್ಟದ್ದೂ ಅದೇ. ನಮ್ಮ ಗ್ಯಾಂಗಲ್ಲಿ ಹುಬ್ಬಳ್ಳಿಯವ ಒಬ್ಬ ಬ್ಲೂಟೂತ್ ಸ್ಪೀಕರ್ ಹಾಕ್ಕೊಂಡು ಮುಂದೆ ಮುಂದೆ ಹೋದ, ಎರಡು ಜನ ಬಾಡದಲ್ಲೇ ಎಳನೀರು ಕುಡೀತಾ ಕೂತ್ರು, ಓಂ ಬೀಚ್ ಮುಟ್ಟೋ ಹೊತ್ತಿಗೆ ಅರ್ಧ ಜನ ಕೆಫೆ ಸೇರಿದ್ರು. ಗೋಕರ್ಣದಲ್ಲಿ ಬಸ್ ಹತ್ತುವಾಗ್ಲೂ ನಂಗೆ ನಾಲ್ಕು ಜನರ ಹೆಸ್ರು ಗೊತ್ತಿರ್ಲಿಲ್ಲ. ಅಘನಾಶಿನಿ ದೋಣಿಯಲ್ಲಿ ಎಲ್ಲ ಒಟ್ಟಿಗೆ ಕೂತಿದ್ದೇ ಇಡೀ ದಾರಿಯಲ್ಲಿ ಮಾತಾಡಿದ್ದು. ಈ ನದಿ ಹುಟ್ಟೋದೇ ನಮ್ಮೂರ ಹತ್ರ ಅಂತ ಶಿರಸಿಯವ್ರು, ಇಲ್ಲಿನ ಬಳಚು (ಚಿಪ್ಪುಮೀನು) ತಿಂದಿದ್ದೀರಾ ಅಂತ ಕುಮಟಾದವ್ರು, ಅಷ್ಟ್ರಲ್ಲಿ ತದಡಿ ಬಂತು.

ಕುಮಾರ ಪರ್ವತ ಬೇರೇನೇ ಲೆಕ್ಕ. ನಮ್ಮ ಕಡೆಯಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಲ್ಲಿ ಅಪರಾತ್ರಿ ಇಳಿಸ್ತದೆ, ಅಲ್ಲೇ ಅರ್ಧ ಪರಿಚಯ ಆಗಿಹೋಗ್ತದೆ, ನಿದ್ದೆಗಣ್ಣಲ್ಲಿ ಯಾರಿಗೂ ಜಂಬ ಇರೋದಿಲ್ಲ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿ.ಮೀ., ಎತ್ತರ 1712 ಮೀಟರ್, ಕುಕ್ಕೆ ಇರೋದು ಘಟ್ಟದ ಬುಡದಲ್ಲಿ, ಅಂದ್ರೆ ಹತ್ತೋದು ಎಷ್ಟಿದೆ ನೀವೇ ನೋಡಿ. ದಾರಿ ಮಧ್ಯೆ ಊಟ ಸಿಗೋ ಭಟ್ಟರ ಮನೆವರೆಗೆ ಕಾಡು, ಅಲ್ಲಿ ಅನ್ನ ಸಾಂಬಾರ್ ಮಜ್ಜಿಗೆ ಉಂಡ್ಕೊಂಡು ಹೊರಟ್ರೆ ಬರೀ ಹುಲ್ಲುಗುಡ್ಡ, ಕಲ್ಲು ಮಂಟಪ, ಶೇಷ ಪರ್ವತ. ಇದೇ ತುದಿ ಅಂದ್ಕೊಂಡು ಬ್ಯಾಗ್ ಬಿಚ್ಚಿ ಕೂತ್ರೆ ಎದುರಿಗೆ ಇನ್ನೊಂದು ಕಾಣ್ತದೆ! ಮತ್ತೆ ಇಳಿದು, ಶೋಲಾ ಕಾಡು ದಾಟಿ, ಕೊನೆಗೆ ಬಂಡೆ.

ಆ ಬಂಡೆ ಹತ್ರ ಕಾರವಾರದ ಬ್ಯಾಂಕ್ ಹುಡುಗ ಒಬ್ಬ ಕೂತೇ ಬಿಟ್ಟ, ಮೇಲೂ ಬರ್ಲಿಕ್ಕಿಲ್ಲ ಕೆಳಗೂ ಹೋಗ್ಲಿಕ್ಕಿಲ್ಲ, ಅಂಗೈ ಬಂಡೆಗೆ ಒತ್ತಿ ಕಣ್ಣು ಮುಚ್ಕೊಂಡಿದ್ದ. ಬಿಟ್ಟು ಹೋಗೋ ಹಾಗೇ ಇಲ್ಲ, ಆಟೋ ಎಲ್ಲಿಂದ ಬರ್ಬೇಕು? ಶಿರಸಿಯ ಅಣ್ಣ ಒಬ್ರು ಬ್ಯಾಗ್ ಮೇಲಿಟ್ಟು ವಾಪಸ್ ಇಳಿದು ಬಂದು "ಎಂತೂ ಆಗ್ತಿಲ್ಲೆ ತಮಾ, ನಾ ಕಾಲಿಟ್ಟಲ್ಲೇ ಇಡು" ಅಂತ ಒಂದೊಂದೇ ಹೆಜ್ಜೆ ಹತ್ತಿಸಿದ್ರು. ಮೇಲೆ ಹೋದ ಮೇಲೆ ಅವ್ರೇ ಬಾಟ್ಲಿಯಲ್ಲಿ ತಂದ ಅಪ್ಪೆಹುಳಿ (ಮಾವಿನಕಾಯಿಯ ಹುಳಿ ಸಾರು) ಎಲ್ಲರಿಗೂ ಮುಚ್ಚಳದಲ್ಲಿ ಹಂಚಿದ್ರು, ಮಂಡ್ಯದವಳಿಗೆ ಅದು ಎಂತದು ಅಂತ್ಲೇ ಗೊತ್ತಿಲ್ಲ, ಆದ್ರೂ ಎರಡು ಸಲ ಇಸ್ಕೊಂಡ್ಳು. ಅವ್ರೆಲ್ಲ ಇವತ್ತಿಗೂ ಫೋನ್ ಮಾಡ್ತಾರೆ.

ಹಾಗಂತ ಯಾರನ್ನೂ ಕರ್ಕೊಂಡು ಹೋಗ್ಬೇಡಿ. ದಂಡೆಯಲ್ಲಿ ಒಬ್ಬ ಕಿರಿಕ್ ಮನುಷ್ಯ ಇದ್ರೆ ನೀವು ಮುಂದೆ ಹೋಗ್ಬಹುದು, ಪರ್ವತದಲ್ಲಿ ಅವ್ನು ನಿಂತ್ರೆ ನೀವೂ ನಿಲ್ಬೇಕು. ಖರ್ಚಲ್ಲಿ ದಂಡೆಯೇ ಅಗ್ಗ, ಅದ್ರಲ್ಲಿ ಮಾತಿಲ್ಲ. ಪರ್ವತಕ್ಕೆ ಪರ್ಮಿಟ್ ಬೇಕು, 2024ರ ಜನವರಿ ರಜೆಯಲ್ಲಿ ಜನ ಜಾತ್ರೆಯಷ್ಟು ನುಗ್ಗಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕ್ಕಿಂಗ್ ಮಾಡಿದೆ, ಬೇಗ ತುಂಬ್ತದೆ. ಟೆಂಟ್ ಹಾಕಿ ಉಳಿಯೋ ಆಸೆ ಬಿಡಿ.

ನೀರು ಎರಡಕ್ಕೂ ತಲೆಗೆ ಮೂರು ಲೀಟರ್. ಮಳೆಗಾಲದಲ್ಲಿ ಎರಡೂ ಬೇಡ, ಪರ್ವತದಲ್ಲಿ ಉಂಬಳ (ಜಿಗಣೆ), ದಂಡೆಯಲ್ಲಿ ಕಲ್ಲು ಜಾರ್ತದೆ. ದಂಡೆಗೆ ಹೋಗೋರು ಭರತ-ಇಳಿತದ ಹೊತ್ತು ಯಾರಾದ್ರೂ ಮೀನುಗಾರರ ಹತ್ರ ಕೇಳ್ಕೊಂಡೇ ಹೊರಡಿ, ಪ್ಯಾರಡೈಸಿಂದ ಹಾಫ್ ಮೂನಿಗೆ ಬರೋ ಬಂಡೆಗಳ ಹತ್ರ ಭರತ ಇದ್ದಾಗ ಸಾಹಸ ಮಾಡ್ಲಿಕ್ಕೆ ಹೋಗ್ಬೇಡಿ, ಮೇಲಿನ ಗುಡ್ಡದ ದಾರಿ ಹಿಡೀರಿ.