ಎಸ್‌ವಿಎನ್ ಬಿಟ್ಟು ಗಿಟ್‌ಗೆ: ನನ್ನ ಮತ ‘ಗಿಟ್ ಎಸ್‌ವಿಎನ್’ಗೆ

ಎಸ್‌ವಿಎನ್, ಗಿಟ್ ಎರಡೂ ಕೋಡ್‌ನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ ಸಾಧನಗಳು. ಮೊದಲೇ ಹೇಳಿಬಿಡುತ್ತೇನೆ. ಎಸ್‌ವಿಎನ್‌ನಲ್ಲಿರುವ ಹಳೇ ಪ್ರಾಜೆಕ್ಟನ್ನು ನಿಧಾನವಾಗಿ ಗಿಟ್‌ಗೆ ತರಬೇಕು ಅಂದರೆ ನನ್ನ ಆಯ್ಕೆ ‘ಗಿಟ್ ಎಸ್‌ವಿಎನ್’. ಎಸ್‌ವಿಎನ್‌ನಿಂದ ಕೋಡ್ ತರಲು, ವಾಪಸ್ ಕಳಿಸಲು ಇರುವ ಅದು ಗಿಟ್‌ನದೇ ಭಾಗ, ದುಡ್ಡು ಕೊಡಬೇಕಿಲ್ಲ.

ನಮ್ಮದು ಮಡಿಕೇರಿಯ ಚಿಕ್ಕ ತಂಡ. ಕಾಫಿ ತೋಟಗಳ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಕೊಯ್ಲಿನ ತೂಕ, ಆಳುಗಳ ಹಾಜರಿ, ಶನಿವಾರದ ಬಟವಾಡೆ ಎಲ್ಲವನ್ನೂ ತೋಟದ ರೈಟರ್‌ಗಳು ಇದರಲ್ಲೇ ಬರೆಯುತ್ತಾರೆ. ಅರೇಬಿಕಾ ಹಣ್ಣಾಗುವ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಒಂದಲ್ಲ ಒಂದು ತಿದ್ದುಪಡಿ ಇದ್ದೇ ಇರುತ್ತದೆ. ‘ನಾಳೆಯಿಂದ ಯಾರೂ ಕಮಿಟ್ ಮಾಡಬೇಡಿ’, ಅಂದರೆ ಬದಲಾವಣೆ ದಾಖಲಿಸಬೇಡಿ, ಅನ್ನುವ ಹಾಗೇ ಇಲ್ಲ. ಜೊತೆಗೆ ವಿರಾಜಪೇಟೆಯಿಂದ ಕೆಲಸ ಮಾಡುವ ನಮ್ಮ ಹಿರಿಯರಿಗೆ ಎಸ್‌ವಿಎನ್ ಬಳಸಲು ವಿಂಡೋಸ್‌ನಲ್ಲಿರುವ ಟಾರ್ಟಾಯ್ಸ್ ಎಸ್‌ವಿಎನ್ ಕೈಗೆ ಕೂತುಬಿಟ್ಟಿದೆ. ಅವರನ್ನು ಸೀಸನ್ ಮಧ್ಯೆ ಅಲುಗಾಡಿಸೋದು ಸರಿಯಲ್ಲ.

ಹಾಗಾಗಿ ಒಂದೇ ಸಲಕ್ಕೆ ಎಲ್ಲ ಬದಲಿಸುವ ಸಾಧನಗಳು ನಮಗೆ ಒಗ್ಗಲಿಲ್ಲ. ಅಂಥದ್ದೊಂದು ರಿಪೋಸರ್ಜನ್, ಅದು ಹಳೇ ಇತಿಹಾಸವನ್ನು ಬಹಳ ಚೆನ್ನಾಗಿ ತೊಳೆದು ಕೊಡುತ್ತದೆ. ಜಿಸಿಸಿ ಕಂಪೈಲರ್‌ನಂಥ ದೊಡ್ಡ ಪ್ರಾಜೆಕ್ಟ್ 2020ರ ಜನವರಿಯಲ್ಲಿ ಅದರಿಂದಲೇ ಗಿಟ್‌ಗೆ ಬಂತು. ಆದರೆ ಬದಲಿಸುವ ದಿನ ಎಸ್‌ವಿಎನ್ ನಿಲ್ಲಲೇಬೇಕು.

ಕೋಡನ್ನು ಗಿಟ್‌ಹಬ್‌ನಲ್ಲಿಟ್ಟು ಹಿರಿಯರು ಎಸ್‌ವಿಎನ್‌ನಿಂದಲೇ ಬಳಸಲಿ ಅನ್ನೋಣವೆಂದರೆ, ಗಿಟ್‌ಹಬ್ ರಿಪಾಸಿಟರಿಗೆ (ಕೋಡ್ ಭಂಡಾರಕ್ಕೆ) ಎಸ್‌ವಿಎನ್ ಕ್ಲೈಂಟ್‌ನಿಂದ ಹೋಗುವ ದಾರಿ 2024ರ ಜನವರಿಯಲ್ಲೇ ಮುಚ್ಚಿತು.

ಸಬ್‌ಗಿಟ್ ನಿಜಕ್ಕೂ ಒಳ್ಳೆಯದು. ಸರ್ವರ್‌ನಲ್ಲಿ ಕೂತು ಎರಡೂ ಕಡೆಯ ಬದಲಾವಣೆಗಳನ್ನು ತಾನೇ ಹೊಂದಿಸುತ್ತದೆ. ಒಬ್ಬರು ಟಾರ್ಟಾಯ್ಸ್‌ನಿಂದ ಕಮಿಟ್ ಮಾಡಲಿ, ಇನ್ನೊಬ್ಬರು ಗಿಟ್‌ನಿಂದ ಪುಶ್ ಮಾಡಲಿ (ಸರ್ವರ್‌ಗೆ ಕಳಿಸಲಿ), ಯಾರಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಅದು ಲೈಸೆನ್ಸ್ ಇರುವ ವಾಣಿಜ್ಯ ಸಾಧನ. ಒಂದು ಸೀಸನ್ನಿನ ಸೇತುವೆಗೆ ಖರ್ಚು ಮಾಡಲು ನನಗೆ ಮನಸ್ಸಿಲ್ಲ.

ಗಿಟ್ ಎಸ್‌ವಿಎನ್‌ನಲ್ಲಿ ಮೊದಲ ಕ್ಲೋನ್, ಅಂದರೆ ಇತಿಹಾಸ ಸಮೇತ ನಕಲು ಇಳಿಸಿಕೊಳ್ಳೋದು, ತುಂಬಾ ನಿಧಾನ. ಸರ್ವರ್‌ನಿಂದ ಒಂದೊಂದೇ ರಿವಿಷನ್ (ಎಸ್‌ವಿಎನ್‌ನ ಒಂದೊಂದು ಕಮಿಟ್) ತರುತ್ತದೆ. ನಮ್ಮಲ್ಲಿ ಜುಲೈ ಮಳೆಗೆ ಕರೆಂಟು, ನೆಟ್ ಎರಡೂ ಹೋಗೋದು ಮಾಮೂಲು, ಅಲ್ವಾ? ನಿಂತರೆ ಗಾಬರಿ ಬೇಡ, ‘ಗಿಟ್ ಎಸ್‌ವಿಎನ್ ಫೆಚ್’ ಕೊಟ್ಟರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ನಿಜವಾದ ಕಿರಿಕಿರಿ ಡಿಕಮಿಟ್‌ನದು. ನಾನು ಗಿಟ್‌ನಲ್ಲಿ ಬೋನಸ್ ಲೆಕ್ಕದ ಒಂದು ಕಮಿಟ್ ಮಾಡಿದೆ ಅಂತಿಟ್ಟುಕೊಳ್ಳಿ. ಡಿಕಮಿಟ್ ಕೊಟ್ಟರೆ ಅದು ಎಸ್‌ವಿಎನ್‌ಗೆ ಹೋಗುತ್ತದೆ. ವಾಪಸ್ ಬರುವಾಗ ಕಮಿಟ್ ಸಂದೇಶದ ಕೊನೆಗೆ ‘ಗಿಟ್-ಎಸ್‌ವಿಎನ್-ಐಡಿ’ ಅಂತ ಒಂದು ಸಾಲು ಅಂಟಿಕೊಂಡಿರುತ್ತದೆ: ಟ್ರಂಕ್‌ನ (ಎಸ್‌ವಿಎನ್‌ನ ಮುಖ್ಯ ಶಾಖೆಯ) ವಿಳಾಸ, ರಿವಿಷನ್ ಸಂಖ್ಯೆ, ರಿಪಾಸಿಟರಿಯ ಗುರುತು. ಸಂದೇಶ ಬದಲಾದರೆ ಹ್ಯಾಶ್, ಅಂದರೆ ಗಿಟ್ ಪ್ರತಿ ಕಮಿಟ್‌ಗೆ ಕೊಡುವ ಗುರುತು, ಬದಲಾಯಿತು. ಅಂದರೆ ಗಿಟ್ ಲೆಕ್ಕಕ್ಕೆ ಅದು ಬೇರೆಯೇ ಕಮಿಟ್.

ಒಬ್ಬರೇ ಇದ್ದರೆ ಇದು ಗಮನಕ್ಕೇ ಬರುವುದಿಲ್ಲ. ಕುಶಾಲನಗರದ ನಮ್ಮ ಹುಡುಗ ಡಿಕಮಿಟ್‌ಗೂ ಮೊದಲೇ ನನ್ನ ಬ್ರಾಂಚ್ (ಕೆಲಸದ ಕವಲು) ಎಳೆದುಕೊಂಡಿದ್ದ. ಆಮೇಲೆ ಮರ್ಜ್ ಮಾಡಿದ, ಅಂದರೆ ಕವಲುಗಳನ್ನು ಕೂಡಿಸಿದ. “ಸಾರ್, ಒಂದೇ ಬದಲಾವಣೆ ಎರಡೆರಡು ಸಲ ಕಾಣ್ತಿದೆ” ಅಂತ ಫೋನ್ ಬಂತು. ಹಳೇ ಹ್ಯಾಶ್‌ನದೊಂದು, ಹೊಸ ಹ್ಯಾಶ್‌ನದೊಂದು. ಮೇಲಿಂದ ಮೇಲೆ ಕಾನ್‌ಫ್ಲಿಕ್ಟ್ (ಒಂದಕ್ಕೊಂದು ಹೊಂದದ ಬದಲಾವಣೆ) ಬೇರೆ. ಮರ್ಜ್ ಕಮಿಟ್ಟನ್ನೇ ಡಿಕಮಿಟ್ ಮಾಡಿದರೆ ಇನ್ನೊಂದು ತೊಂದರೆ: ಬ್ರಾಂಚಿನ ಕೆಲಸವೆಲ್ಲ ಎಸ್‌ವಿಎನ್‌ನಲ್ಲಿ ಒಂದೇ ರಿವಿಷನ್ ಆಗಿ ಕೂರುತ್ತದೆ.

ಡಿಕಮಿಟ್ ಮಾಡುವ ಬ್ರಾಂಚಿನ ಜೊತೆ ಪುಲ್, ಪುಶ್, ಮರ್ಜ್ ಮಾಡಬೇಡಿ ಅಂತ ಇದರ ಮ್ಯಾನ್ಯುಯಲ್ಲೇ ಹೇಳುತ್ತದೆ. ನಾವು ಅದನ್ನೇ ನಿಯಮ ಮಾಡಿಕೊಂಡೆವು. ಎಸ್‌ವಿಎನ್ ಇರುವ ತನಕ ಮರ್ಜ್ ಇಲ್ಲ, ಬರೀ ರೀಬೇಸ್: ಎಸ್‌ವಿಎನ್‌ನಿಂದ ಬಂದ ಹೊಸ ಬದಲಾವಣೆಗಳ ಮೇಲೆ ನಮ್ಮ ಕಮಿಟ್‌ಗಳನ್ನು ಮತ್ತೆ ಕೂರಿಸುವುದು. ಒಬ್ಬರ ಕೆಲಸ ಇನ್ನೊಬ್ಬರಿಗೆ ಬೇಕಾದರೆ ‘ಫಾರ್ಮ್ಯಾಟ್-ಪ್ಯಾಚ್’ನಿಂದ ಕಮಿಟ್ಟನ್ನು ಫೈಲ್ ಮಾಡಿ ಮೇಲ್‌ನಲ್ಲಿ ಕಳಿಸುವುದು, ಅವರು ‘ಗಿಟ್ ಎಎಮ್’ನಿಂದ ಹಾಕಿಕೊಳ್ಳುವುದು. ಆಮೇಲೆ ಗಲಾಟೆ ಇಲ್ಲ.

ಗಿಟ್‌ಗೆ ಬರುವಾಗ ಇನ್ನೂ ಕೆಲವು ಗಮನಿಸಿ. ಎಸ್‌ವಿಎನ್ ಎಕ್ಸ್‌ಟರ್ನಲ್‌ಗಳು (ಬೇರೆ ಕಡೆಯಿಂದ ಜೋಡಿಸಿಕೊಂಡ ಕೋಡ್) ಬರುವುದಿಲ್ಲ, ಕೈಯಾರೆ ತರಬೇಕು. ದಾಖಲಿಸಬೇಡದ ಫೈಲ್‌ಗಳ ಇಗ್ನೋರ್ ಪಟ್ಟಿಗೆ ‘ಕ್ರಿಯೇಟ್-ಇಗ್ನೋರ್’ ಇದೆ. ಟ್ಯಾಗ್‌ಗಳು (ಆವೃತ್ತಿಗೆ ಇಟ್ಟ ಹೆಸರುಗಳು) ರಿಮೋಟ್ ಬ್ರಾಂಚ್‌ಗಳಾಗಿ ಬರುತ್ತವೆ.

ನನಗೆ ಮೊದಲಿನಿಂದಲೂ ರೀಬೇಸ್ ಅಭ್ಯಾಸ, ಅದಕ್ಕೇ ಇದು ಹಿಡಿಸಿತು. ದಿನಾ ಮರ್ಜ್ ಮಾಡುವ ದೊಡ್ಡ ತಂಡ ನಿಮ್ಮದಾದರೆ, ಕೈಯಲ್ಲಿ ದುಡ್ಡೂ ಇದ್ದರೆ, ಸುಮ್ನೆ ಸಬ್‌ಗಿಟ್ ತಗೊಳ್ಳಿ. ನಾವು ರೊಬಸ್ಟಾ ಕೊಯ್ಲು ಮುಗಿದ ಮೇಲೆ ಎಸ್‌ವಿಎನ್‌ಗೆ ಬೀಗ ಹಾಕಿ, ‘ನೋ-ಮೆಟಾಡೇಟಾ’ ಆಯ್ಕೆ ಕೊಟ್ಟು ಹೊಸದಾಗಿ ಇನ್ನೊಂದು ಕ್ಲೋನ್ ತೆಗೆಯುತ್ತೇವೆ. ಆಗ ಆ ಐಡಿ ಸಾಲುಗಳಿಲ್ಲದ ಇತಿಹಾಸ ಸಿಗುತ್ತದೆ. ಎಲ್ಲರೂ ಅದರಿಂದಲೇ ಶುರು ಮಾಡುತ್ತೇವೆ, ವಿರಾಜಪೇಟೆಯ ಹಿರಿಯರೂ ಸೇರಿ.